ತತ್ತಿಯ ತೂಕದಲ್ಲಿದೆ ಮರಿಯ ಲೆಕ್ಕ

ನವಲಗುಂದದ ಎರಿ ಹೊಲಗಳ ಮೇಲೆ ಮಾರ್ಚ್‌ನಲ್ಲಿ ಬೀಸುವ ಗಾಳಿಗೂ ಕಲಘಟಗಿಯ ಭತ್ತದ ಗದ್ದೆಗಳ ಮೇಲೆ ಜುಲೈನಲ್ಲಿ ಸುಳಿಯುವ ಗಾಳಿಗೂ ಅಜಗಜಾಂತರ. ಧಾರವಾಡದ ಒಂದೇ ಜಿಲ್ಲೆಯೊಳಗೆ ಬೆಳವಲವೂ ಇದೆ, ಮಲೆನಾಡಿನ ಸೆರಗೂ ಇದೆ. ಆದರೆ ತತ್ತಿಗೆ ಕಾವು ಕೊಡುವ ಥರ್ಮಾಕೋಲ್ ಪೆಟ್ಟಿಗೆ ಮಾತ್ರ ಎರಡೂ ಕಡೆ ಒಂದೇ, ಅದರ ಜೊತೆ ಬರುವ ಸೂಚನೆಯ ಚೀಟಿಯೂ ಒಂದೇ. ಇಷ್ಟು ಉಷ್ಣತೆ ಇಡಿ, ಇಷ್ಟು ನೀರು ಹಾಕಿ, 21 ದಿನ ಕಾಯಿರಿ. ಅದರಂತೆ ಮಾಡಿದವರಿಗೆ ಒಂದು ಸಲ ಮುಕ್ಕಾಲು ಪಾಲು ಮರಿ, ಇನ್ನೊಂದು ಸಲ ಅರ್ಧಕ್ಕಿಂತ ಕಡಿಮೆ. ಪೆಟ್ಟಿಗೆ ಕೆಟ್ಟಿದೆ ಎಂದು ಅದನ್ನು ಮೂಲೆಗಿಡುವ ಮುನ್ನ ಊರಿನ ಹವೆಯನ್ನೂ ತತ್ತಿಯ ತೂಕವನ್ನೂ ನೋಡಬೇಕು.

ಈ ಪೆಟ್ಟಿಗೆ ಹಳ್ಳಿಯ ಮನೆಗೆ ಬಂದದ್ದಕ್ಕೆ ಕಾರಣವಿದೆ. ಜವಾರಿ ಹೇಂಟೆ ಹತ್ತು-ಹದಿನೈದು ತತ್ತಿಯಿಟ್ಟು ಕಾವಿಗೆ ಕೂತರೆ ಇಡುವುದನ್ನು ನಿಲ್ಲಿಸುತ್ತದೆ. ಮೂರು ವಾರ ಕಾವು, ಆಮೇಲೆ ಮರಿಗಳ ಹಿಂದೆ ತಿಂಗಳುಗಟ್ಟಲೆ ಓಡಾಟ. ತತ್ತಿಯನ್ನು ಪೆಟ್ಟಿಗೆಗೆ ಕೊಟ್ಟರೆ ಅದು ಬೇಗ ಮತ್ತೆ ಇಡಲು ಶುರುಮಾಡುತ್ತದೆ, ವರ್ಷದ ತತ್ತಿಯೂ ಮರಿಯೂ ಹೆಚ್ಚುತ್ತವೆ. ಒಂದು ಬಲ್ಬು, ಕಂಪ್ಯೂಟರಿನ ಸಣ್ಣ ಫ್ಯಾನು, ಥರ್ಮೋಸ್ಟಾಟ್ ಇದ್ದರೆ ಮನೆಯಲ್ಲೇ ಪೆಟ್ಟಿಗೆ ಕಟ್ಟಬಹುದು. ಆದರೆ ಹೇಂಟೆ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಮನುಷ್ಯ ಮಾಡಬೇಕು. ಅದು ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ತತ್ತಿ ಹೊರಳಿಸುತ್ತದೆ, ಎದೆಯ ಗರಿ ಉದುರಿಸಿಕೊಂಡು ಬರಿಯ ಚರ್ಮವನ್ನು ತತ್ತಿಗೆ ತಾಗಿಸುತ್ತದೆ, ದಿನಕ್ಕೊಮ್ಮೆ ಎದ್ದು ಹೋಗಿ ಕಾಳು-ನೀರು ಮುಗಿಸಿ ಬರುತ್ತದೆ.

ಮನುಷ್ಯ ಈ ಕೆಲಸ ಕಲಿತು ಸಾವಿರಾರು ವರ್ಷವಾಯಿತು. ಈಜಿಪ್ಟಿನವರು ಮಣ್ಣಿನ ಇಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಗಟ್ಟಲೆ ತತ್ತಿ ಮರಿ ಮಾಡಿಸುತ್ತಿದ್ದರು. ಅಲ್ಲಿನ ಕಸಬುದಾರರು ತತ್ತಿಯನ್ನು ಕಣ್ಣರೆಪ್ಪೆಗೆ ತಾಗಿಸಿ ಶಾಖ ಅಳೆಯುವುದುಂಟು. ನಮ್ಮಲ್ಲಿ ಆ ಕೆಲಸಕ್ಕೆ ಜ್ವರ ನೋಡುವ ಥರ್ಮಾಮೀಟರ್ ಸಾಕು. ಫ್ಯಾನಿರುವ ಪೆಟ್ಟಿಗೆಯಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು ನೂರು ಫ್ಯಾರನ್‌ಹೀಟ್ ಇರಬೇಕು. ಅಗ್ಗದ ಥರ್ಮೋಸ್ಟಾಟ್ ಒಂದು ಡಿಗ್ರಿ ತಪ್ಪು ತೋರಿಸಿದರೂ ಮರಿ ತಡವಾಗುತ್ತದೆ ಇಲ್ಲವೇ ಸಾಯುತ್ತದೆ. ಅದಕ್ಕೇ ತತ್ತಿ ಇಡುವ ಮೊದಲೇ ಪೆಟ್ಟಿಗೆಯನ್ನು ಒಂದು ದಿನ ಖಾಲಿ ಓಡಿಸಿ, ಜ್ವರದ ಥರ್ಮಾಮೀಟರನ್ನು ತತ್ತಿಯ ಎತ್ತರದಲ್ಲೇ ಇಟ್ಟು ಎರಡನ್ನೂ ತಾಳೆ ನೋಡಬೇಕು. ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಬಿಸಿ ಮೇಲಕ್ಕೆ ಸೇರುವುದರಿಂದ ತತ್ತಿಯ ನೆತ್ತಿಯ ಮಟ್ಟದಲ್ಲಿ ಒಂದು ಡಿಗ್ರಿಯಷ್ಟು ಹೆಚ್ಚು ಬೇಕು.

ಇನ್ನು ನೀರಿನ ಮಾತು. ತತ್ತಿಯ ಸಿಪ್ಪೆಯಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಮರಿ ಅವುಗಳ ಮೂಲಕ ಉಸಿರಾಡುತ್ತದೆ, ಅವುಗಳ ಮೂಲಕವೇ ತತ್ತಿಯ ನೀರು ಆರುತ್ತದೆ. ಹಾಗೆ ಆರಲೇಬೇಕು. ಇಟ್ಟ ದಿನದಿಂದ 18ನೆಯ ದಿನಕ್ಕೆ ತೂಕದಲ್ಲಿ ನೂರಕ್ಕೆ 11ರಿಂದ 13ರಷ್ಟು ಕಳೆದರೆ ಮೊಂಡು ತುದಿಯ ಗಾಳಿಗೂಡು ಸರಿಯಾದ ಗಾತ್ರಕ್ಕೆ ಬರುತ್ತದೆ. ಮರಿ ಮೊದಲು ಕೊಕ್ಕು ಚುಚ್ಚುವುದು ಸಿಪ್ಪೆಗಲ್ಲ, ಆ ಗಾಳಿಗೂಡಿಗೆ. ಅದರ ಮೊದಲ ಉಸಿರು ಅಲ್ಲಿಯದು. ನೀರು ಕಡಿಮೆ ಆರಿದ್ದರೆ ಗೂಡು ಸಣ್ಣದಾಗಿ, ಉಬ್ಬಿದ ಮರಿ ಒಳಗಿನ ತೇವದಲ್ಲೇ ಉಸಿರುಗಟ್ಟುತ್ತದೆ. ಹೆಚ್ಚು ಆರಿದ್ದರೆ ಒಳಪೊರೆ ಒಣಗಿ ಮರಿಯನ್ನು ಬಿಗಿದು ಹಿಡಿಯುತ್ತದೆ.

ಬೆಳವಲಕ್ಕೂ ಮಲೆನಾಡ ಸೆರಗಿಗೂ ಇರುವ ವ್ಯತ್ಯಾಸ ಇಲ್ಲಿ ಕೆಲಸ ಮಾಡುತ್ತದೆ. ಮೊದಲ 18 ದಿನ ಪೆಟ್ಟಿಗೆಯಲ್ಲಿ ನೂರಕ್ಕೆ 50ರಿಂದ 55ರಷ್ಟು ಆರ್ದ್ರತೆ ಇರಲಿ ಎನ್ನುತ್ತವೆ ಪುಸ್ತಕಗಳು. ನವಲಗುಂದ, ಅಣ್ಣಿಗೇರಿಗಳ ಬೇಸಿಗೆಯ ಒಣಗಾಳಿ ಪೆಟ್ಟಿಗೆಯೊಳಗೆ ಕಾದಾಗ ಆರ್ದ್ರತೆ ಇದರ ಅರ್ಧಕ್ಕೂ ಇಳಿಯಬಹುದು. ಅಲ್ಲಿ ಅಗಲ ಬಾಯಿಯ ತಾಟಿನಲ್ಲಿ ನೀರಿಡಬೇಕು. ಆಳ ಎಷ್ಟಿದ್ದರೂ ಉಪಯೋಗವಿಲ್ಲ, ನೀರಿನ ಹರವಷ್ಟೇ ಲೆಕ್ಕಕ್ಕೆ. ಕಲಘಟಗಿಯ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಸಾಕಷ್ಟು ನೀರು ಹೊತ್ತು ತರುತ್ತದೆ. ಅಲ್ಲಿ ಒಂದು ಸಣ್ಣ ಬಟ್ಟಲು ಸಾಕು, ಕೆಲವು ವಾರ ಅದೂ ಬೇಡ. ಆರ್ದ್ರತೆಯ ಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಸಿ ಮಾಡಿದ ಅಡುಗೆ ಉಪ್ಪಿನ ಬಟ್ಟಲಿನೊಂದಿಗೆ ಅದನ್ನು ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ 75 ತೋರಿಸಬೇಕು. ತೋರಿಸದಿದ್ದರೆ ಎಷ್ಟು ತಪ್ಪೋ ಅಷ್ಟು ಕೂಡಿಸಿ ಕಳೆದು ಓದಬೇಕು.

ಮೀಟರಿಗಿಂತ ನಂಬಿಕೆಯ ಸಾಧನ ತಕ್ಕಡಿ. ಬಂಗಾರ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ತಂದು, ಪ್ರತಿ ತತ್ತಿಯ ತೂಕವನ್ನು ಅದರ ಮೈಮೇಲೇ ಪೆನ್ಸಿಲಿನಲ್ಲಿ ಬರೆಯಬೇಕು. ಹತ್ತು ಜವಾರಿ ತತ್ತಿ 420 ಗ್ರಾಂ ಇದ್ದವು ಎನ್ನಿ. ಏಳನೆಯ ದಿನ 400 ಗ್ರಾಂ ಆಸುಪಾಸು, 18ನೆಯ ದಿನ 365ರಿಂದ 375 ಗ್ರಾಂ ಬಂದರೆ ದಾರಿ ಸರಿಯಿದೆ. ಏಳನೆಯ ದಿನವೇ ತೀರ ಇಳಿದಿದ್ದರೆ ನೀರು ಹೆಚ್ಚಿಸಬೇಕು, ಇಳಿದೇ ಇಲ್ಲದಿದ್ದರೆ ತಾಟು ತೆಗೆಯಬೇಕು. ಊರು ಯಾವುದಿರಲಿ, ತಿಂಗಳು ಯಾವುದಿರಲಿ, ತೂಕ ದಾರಿ ತೋರಿಸುತ್ತದೆ. ಮನೆಯಲ್ಲಿ ಮರಿ ಮಾಡಿಸುವ ಪ್ರತಿಯೊಬ್ಬರ ಹತ್ತಿರವೂ ಈ ತಕ್ಕಡಿ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಎಲ್ಲ ತಪ್ಪೂ ಪೆಟ್ಟಿಗೆಯೊಳಗೇ ಆಗುವುದಿಲ್ಲ. ತತ್ತಿ ಕೂಡಿಡುವ ಜಾಗದ ಶಾಖ ಸುಮಾರು 21 ಡಿಗ್ರಿ ದಾಟಿದರೆ ತತ್ತಿಯೊಳಗಿನ ಜೀವ ಅರೆಬರೆಯಾಗಿ ಬೆಳೆಯತೊಡಗುತ್ತದೆ. ಏಪ್ರಿಲ್‌ನಲ್ಲಿ ಪತ್ರಾಸಿನ ಮನೆಯಲ್ಲಿ ಹತ್ತು ದಿನ ಕೂಡಿಟ್ಟ ತತ್ತಿ ಪೆಟ್ಟಿಗೆ ಸೇರುವ ಮೊದಲೇ ಸತ್ತಿರುತ್ತದೆ. ಹಸಿ ಉಸುಕಿನಲ್ಲಿ ಅರ್ಧ ಹೂತ ಮಣ್ಣಿನ ಗಡಿಗೆಯಲ್ಲಿ, ಚೂಪು ತುದಿ ಕೆಳಗಾಗಿ, ಏಳು ದಿನದೊಳಗಿನ ತತ್ತಿಗಳನ್ನಷ್ಟೇ ಇಡಬೇಕು. ಮಣ್ಣಿನ ಮಾಳಿಗೆಯ ಮನೆಯುಳ್ಳವರು ಈ ವಿಷಯದಲ್ಲಿ ಪುಣ್ಯವಂತರು. ಹೊಲಸಾದ ತತ್ತಿಯನ್ನು ತಣ್ಣೀರಿನಲ್ಲಿ ತೊಳೆಯಲೇಬಾರದು; ಒಳಗಿನದು ಕುಗ್ಗಿ ರಂಧ್ರಗಳ ಮೂಲಕ ಕೊಳೆಯನ್ನು ಒಳಗೆಳೆಯುತ್ತದೆ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆದರೆ ಅದೇ ಹುಂಜ ತನ್ನ ಮಕ್ಕಳ ಜೊತೆಯೂ ಕೂಡಿದರೆ ಮರಿಯಾಗುವ ಪ್ರಮಾಣ ಇಳಿಯುತ್ತದೆ. ಹುಂಜವನ್ನು ಬೇರೆ ಊರಿನಿಂದ ತರುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಕೋಳಿಗಳ ತತ್ತಿಯನ್ನು ಕೆಲವರು ಕಾವಿಗಿಡುತ್ತಾರೆ. ಅವು ಮಿಶ್ರತಳಿ. ಮರಿಯೇನೋ ಬರುತ್ತದೆ, ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಮನೆಯ ಪೆಟ್ಟಿಗೆಗೆ ಜವಾರಿ ತತ್ತಿಯೇ ಸೈ.

ತತ್ತಿಯ ಒಂದು ಬದಿಗೆ ಅಡ್ಡಗೆರೆ, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಮೂರೋ ಐದೋ ಸಲ ತಿರುಗಿಸಬೇಕು. ಬೆಸ ಸಂಖ್ಯೆಯಾದರೆ ಪ್ರತಿ ರಾತ್ರಿ ಬೇರೆ ಬದಿ ಮೇಲಿರುತ್ತದೆ. ತಿರುಗಿಸದಿದ್ದರೆ ಬೆಳೆಯುವ ಮರಿ ಪೊರೆಗೆ ಅಂಟಿಕೊಳ್ಳುತ್ತದೆ. ಕರೆಂಟು ಹೋದರೆ ಗಾಬರಿ ಬೇಡ, ಬಿಸಿನೀರಿನ ಬಾಟಲಿ ಇಟ್ಟು ಮೇಲೆ ಚಾದರ ಹೊದಿಸಿದರೆ ಕೆಲವು ತಾಸು ತಡೆಯುತ್ತದೆ. ತಂಪನ್ನು ಮರಿ ಸ್ವಲ್ಪ ತಾಳಿಕೊಳ್ಳುತ್ತದೆ, 40 ದಾಟಿದ ಬಿಸಿಯನ್ನು ತಾಳುವುದಿಲ್ಲ. ಕೊನೆಯ ವಾರದಲ್ಲಿ ಮರಿಗಳು ತಾವೇ ಬಿಸಿ ಹುಟ್ಟಿಸುತ್ತವೆ, ಆಗ ಫ್ಯಾನು ನಿಂತರೆ ಉಸಿರಾಡಲು ಮುಚ್ಚಳ ತುಸು ಸರಿಸಬೇಕು.

18ನೆಯ ದಿನದಿಂದ ತಿರುಗಿಸುವುದು ನಿಲ್ಲಲಿ, ಆರ್ದ್ರತೆ 65-70ಕ್ಕೆ ಏರಲಿ, ಮುಚ್ಚಳ ತೆಗೆಯಬೇಡಿ. ಸಿಪ್ಪೆ ಬಿರಿದ ಮೇಲೂ ಮರಿ ಹೊರಬರಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ರಕ್ತವನ್ನೂ ಉಳಿದ ಭಂಡಾರವನ್ನೂ (ಹಳದಿ ಲೋಳೆಯನ್ನೂ) ಒಳಗೆಳೆದುಕೊಳ್ಳುತ್ತಿರುತ್ತದೆ. ಕರುಣೆಯಿಂದ ಸಿಪ್ಪೆ ಸುಲಿದವರು ರಕ್ತಸ್ರಾವದಿಂದ ಮರಿ ಕಳೆದುಕೊಂಡದ್ದೇ ಹೆಚ್ಚು.

ಮರಿಯಾಗದ ತತ್ತಿಗಳನ್ನು ತಿಪ್ಪೆಗೆ ಎಸೆಯುವ ಮುನ್ನ ಅಂಗಳದಲ್ಲಿ ಒಡೆದು ನೋಡಬೇಕು. ನಾತ ತಡೆದುಕೊಂಡರೆ ಉತ್ತರ ಸಿಗುತ್ತದೆ. ಏನೂ ಬೆಳೆಯದೆ ತಿಳಿಯಾಗಿದ್ದರೆ ಹುಂಜದ ಕಡೆ ನೋಡಿ. ರಕ್ತದ ಉಂಗುರವಿದ್ದರೆ ಕೂಡಿಟ್ಟ ರೀತಿ ಇಲ್ಲವೇ ಮೊದಲ ದಿನಗಳ ಶಾಖ ತಪ್ಪಿದೆ. ನಡುವಯಸ್ಸಿನಲ್ಲಿ ಸತ್ತಿದ್ದರೆ ತಾಯಿಕೋಳಿಗೆ ಹಸಿರು ಮೇವು ಸಾಲದೇ ಇರಬಹುದು. ಪೂರ್ತಿ ಬೆಳೆದು ಸತ್ತಿದ್ದರೆ ನೀರಿನ ಲೆಕ್ಕಕ್ಕೇ ಮರಳಿ. 30 ತತ್ತಿಗೆ 18 ಮರಿ ಬಂದರೆ ನೂರಕ್ಕೆ 60 ಆಯಿತು. ಆದರೆ ಅದರಲ್ಲಿ ಆರು ಖಾಲಿ ತತ್ತಿಯಿದ್ದರೆ ಪೆಟ್ಟಿಗೆಯ ಫಲ ನೂರಕ್ಕೆ 75. ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಬರೆದಿಡದವರು ಹುಂಜದ ತಪ್ಪಿಗೆ ಪೆಟ್ಟಿಗೆಯನ್ನು ಬಿಚ್ಚುತ್ತ ಕೂರುತ್ತಾರೆ.

ಹೊಟ್ಟೆಯೊಳಗಿನ ಭಂಡಾರದ ಬಲದಿಂದ ಮರಿ ಒಂದು ದಿನ ಹಾಗೇ ಇರಬಲ್ಲದು. ಮೈ ಒಣಗಿದ ಮೇಲೆ ತೆಗೆದು, ಮೊದಲ ವಾರ 33ರಿಂದ 35 ಡಿಗ್ರಿ ಬಿಸಿಯಲ್ಲಿ ಇಟ್ಟು, 5-7ನೆಯ ದಿನ ರಾಣಿಖೇತ ರೋಗದ ಲಸಿಕೆಯ ಹನಿ ಹಾಕಿಸಬೇಕು. ಅದನ್ನು ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಧಾರವಾಡದ ಸೈದಾಪುರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಪೆಟ್ಟಿಗೆಯನ್ನು ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ತತ್ತಿಗಳನ್ನು ಇಡಿ.