ಗುಳೆ ಹೋದವರ ಮಕ್ಕಳ ಶಾಲೆ ಏನಾಗುತ್ತದೆ?

ಬೆಂಗಳೂರಿನ ಚಿಕ್ಕಪೇಟೆಗೆ ತಾಗಿಕೊಂಡಿರುವ ಸುಲ್ತಾನ್‌ಪೇಟೆ ಕಾಗದ, ನೋಟುಪುಸ್ತಕ, ಲಗ್ನಪತ್ರಿಕೆಗಳ ವ್ಯಾಪಾರಕ್ಕೆ ಹೆಸರಾದ ಸ್ಥಳ. ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಕಾಗದದ ಬಂಡಲುಗಳು ಸಾಗುವುದು ಹಮಾಲರ ಹೆಗಲ ಮೇಲೆ ಇಲ್ಲವೇ ತಳ್ಳುಗಾಡಿಯಲ್ಲಿ. ಹೀಗೆ ದುಡಿಯುವವರಲ್ಲಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರೂ ಇದ್ದಾರೆ. ಊರು ಬಿಟ್ಟದ್ದು ಯಾಕೆಂದು ಕೇಳಿದರೆ, ಮಕ್ಕಳ ಓದಿಗಾಗಿ ಎನ್ನುತ್ತಾರೆ. ಆದರೆ ಅದೇ ದುಡಿಮೆ ಮಕ್ಕಳ ಓದಿಗೆ ಅಡ್ಡಿಯಾಗುವುದೂ ಉಂಟು. ಇದು ಹೇಗೆ?

ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಕಡೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ಕೂಲಿ ಅರಸಿ ಊರು ಬಿಡುವುದಕ್ಕೆ ಗುಳೆ ಎನ್ನುತ್ತಾರೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಅಂದಿನ ಗುಲ್ಬರ್ಗ ವಿಭಾಗದಲ್ಲೇ ಇದ್ದವು. ಸುಗ್ಗಿ ಮುಗಿದ ಮೇಲೆ ಹೊರಟವರು ಮುಂಗಾರಿನ ಬಿತ್ತನೆಗೆ ಮರಳುತ್ತಾರೆ. ಶಾಲೆ ಜೂನ್ ಹೊತ್ತಿಗೆ ಆರಂಭವಾಗಿ ಮಾರ್ಚ್-ಏಪ್ರಿಲ್‌ನಲ್ಲಿ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಹೀಗಾಗಿ ಗುಳೆ ಹೋಗುವ ಕಾಲ ಶಾಲಾ ವರ್ಷದ ನಡುವೆಯೇ ಬೀಳುತ್ತದೆ.

ಆಗ ಹೆತ್ತವರ ಮುಂದೆ ಇರುವುದು ಎರಡೇ ದಾರಿ. ಒಂದು, ಮಗುವನ್ನು ಅಜ್ಜಿ-ತಾತನ ಬಳಿ ಬಿಡುವುದು. ಹಣ ಊರಿಗೆ ಬರುತ್ತದೆ, ಆದರೆ ಮಗು ಶಾಲೆ ತಪ್ಪಿಸಿದಾಗ ಕೇಳುವವರಿಲ್ಲ, ಪೋಷಕರ ಸಭೆಗೆ ಹೋಗುವವರಿಲ್ಲ. ಹುಡುಗಿಯ ಪಾಲಿಗೆ ಅಡುಗೆ ಮತ್ತು ತಮ್ಮ-ತಂಗಿಯರ ಆರೈಕೆ ಬೀಳುತ್ತದೆ, ಹುಡುಗ ಕೂಲಿಯ ರುಚಿ ಕಾಣುತ್ತಾನೆ. ಕರಾವಳಿಯ ನಮಗೆ ಈ ವ್ಯತ್ಯಾಸ ಅರ್ಥವಾಗದೆ ಇರದು. ನಮ್ಮಲ್ಲಿ ಗಲ್ಫಿಗೆ ಹೋದ ಎಷ್ಟೋ ತಂದೆಯರ ಮಕ್ಕಳು ಚೆನ್ನಾಗಿ ಕಲಿತರು. ಅಲ್ಲಿಂದ ಬಂದ ಹಣದ ಜೊತೆಗೆ ಮನೆಯಲ್ಲಿ ತಾಯಿ ಇದ್ದಳು. ಗುಳೆಯಲ್ಲಿ ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರೂ ಹೋಗುತ್ತಾರೆ.

ಇನ್ನೊಂದು ದಾರಿ, ಮಗುವನ್ನು ಜೊತೆಗೆ ಕರೆದೊಯ್ಯುವುದು. ಕಟ್ಟಡದ ಕೆಲಸ ಮುಗಿದೊಡನೆ ಶೆಡ್ಡು ಬೇರೆಡೆಗೆ ಹೋಗುತ್ತದೆ. ಹೊಸ ಶಾಲೆಯಲ್ಲಿ ವರ್ಗಾವಣೆ ಪತ್ರ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. ಎಷ್ಟೋ ಹೆತ್ತವರು ಅಲ್ಲಿಗೇ ಕೈಚೆಲ್ಲುತ್ತಾರೆ.

ಕೈಚೆಲ್ಲಬೇಕಾಗಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ಈ ಭರವಸೆಗಳನ್ನು ನೀಡಿದೆ:

- ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.
- ಜನನ ಪ್ರಮಾಣ ಪತ್ರ ಇಲ್ಲವೆಂದಾಗಲೀ, ಪ್ರವೇಶದ ಅವಧಿ ಮುಗಿಯಿತೆಂದಾಗಲೀ ಮಗುವನ್ನು ಹಿಂದೆ ಕಳುಹಿಸುವಂತಿಲ್ಲ.
- ಓದು ನಿಲ್ಲಿಸಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು.
- ವಲಸೆ ಕುಟುಂಬದ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಆಡಳಿತದ ಕರ್ತವ್ಯ.

ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಗುವಿನ ಹಳೆಯ ಶಾಲೆಯ ಸ್ಯಾಟ್ಸ್ ಸಂಖ್ಯೆಯೊಂದು ಗೊತ್ತಿದ್ದರೆ ಹೊಸ ಶಾಲೆಗೆ ದಾಖಲೆ ಹುಡುಕುವುದು ಸುಲಭ. ಕೆಲಸದ ಜಾಗದ ಹತ್ತಿರ ಟೆಂಟ್ ಶಾಲೆ, ಊರಲ್ಲೇ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ನಿಲಯ ನಡೆಸುವ ಅವಕಾಶವೂ ಸರಕಾರದ ಯೋಜನೆಗಳಲ್ಲಿದೆ. ಹೆತ್ತವರು ಹೊರಟ ಮೇಲೆ ತೆರೆದರೆ ಪ್ರಯೋಜನವಿಲ್ಲ, ಅವರು ಗಂಟು ಕಟ್ಟುವ ಮೊದಲೇ ತೆರೆದಿರಬೇಕು. ಒಂದು ಕೊರತೆಯೂ ಉಂಟು: ಕಾಯ್ದೆಯ ರಕ್ಷಣೆ 14ಕ್ಕೆ ನಿಲ್ಲುತ್ತದೆ. ಹುಡುಗನನ್ನು ಕೂಲಿಗೆ, ಹುಡುಗಿಯನ್ನು ಮದುವೆಗೆ ಎಳೆಯುವ ಪ್ರಾಯ ಆರಂಭವಾಗುವುದು ಅಲ್ಲಿಂದಲೇ.

ಇದು ದೂರದ ಸುಲ್ತಾನ್‌ಪೇಟೆಯ ಕಥೆ ಮಾತ್ರವಲ್ಲ. ಮಂಗಳೂರಿನ ಕಟ್ಟಡಗಳಲ್ಲಿ, ಮಲ್ಪೆಯ ಬಂದರಿನಲ್ಲಿ, ನಮ್ಮ ಚರ್ಚಿನ ಪಕ್ಕದ ಬಾಡಿಗೆ ಕೋಣೆಗಳಲ್ಲಿ ಉತ್ತರ ಕರ್ನಾಟಕದ ದುಡಿಯುವ ಕುಟುಂಬಗಳಿವೆ. ವಾಳೆಯ ಗುರಿಕಾರರು ಮನೆ ಭೇಟಿಯ ವೇಳೆ ಆ ಬಾಗಿಲುಗಳನ್ನೂ ತಟ್ಟಲಿ. ಮಕ್ಕಳೆಷ್ಟು, ಎಲ್ಲಿದ್ದಾರೆ, ಯಾವ ತರಗತಿ ಎಂಬ ಮೂರು ಪ್ರಶ್ನೆ ಸಾಕು. ಮಗು ಇಲ್ಲೇ ಇದ್ದರೆ ಹೆತ್ತವರೊಡನೆ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ ಹೋಗೋಣ. ಊರಲ್ಲಿದ್ದರೆ ಅಲ್ಲಿನ ಶಿಕ್ಷಕರಿಗೆ ವಾರಕ್ಕೊಮ್ಮೆ ಫೋನ್ ಮಾಡುವಂತೆ ತಂದೆಗೆ ನೆನಪಿಸೋಣ. ಮಗು ದುಡಿಮೆಗೆ ಇಳಿದಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ.

ಪರವೂರಿನಲ್ಲಿ ದುಡಿದು ಮಕ್ಕಳನ್ನು ಓದಿಸಿದವರ ಮನೆಯಿಂದಲೇ ನಮ್ಮಲ್ಲಿ ಅನೇಕರು ಬಂದಿದ್ದೇವೆ. ಆಗ ನಮ್ಮ ಮನೆಗಳನ್ನು ನೋಡಿಕೊಂಡ ನೆರೆಹೊರೆ ಇತ್ತು. ಈಗ ನೆರೆಯವರಾಗುವ ಸರದಿ ನಮ್ಮದು.