ಶಸ್ತ್ರಚಿಕಿತ್ಸೆಗೆ ಮುನ್ನ ತೂಕದ ದಾಖಲೆ

ಸ್ಥೂಲಕಾಯ ನಿವಾರಣೆಯ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಸಾಮಾನ್ಯವಾಗಿ ಎರಡು ವಾರಗಳಷ್ಟು ಕಾಲ ಮಿತಾಹಾರವನ್ನು ವಿಧಿಸುತ್ತಾರೆ. ಪಿತ್ತಜನಕಾಂಗವನ್ನು ಕುಗ್ಗಿಸುವುದು ಇದರ ಮುಖ್ಯ ಉದ್ದೇಶ. ಜಠರದ ಮೇಲೆ ಚಾಚಿರುವ ಈ ಅಂಗವು ಕೊಬ್ಬಿನಿಂದ ಹಿಗ್ಗಿದ್ದರೆ ಶಸ್ತ್ರಕ್ರಿಯೆ ಕಠಿಣವಾಗುತ್ತದೆ.

ಮೊದಲ ದಿನಗಳಲ್ಲಿ ತೂಕವು ಶೀಘ್ರವಾಗಿ ಇಳಿಯುತ್ತದೆ. ಶರೀರದಲ್ಲಿ ಸಂಗ್ರಹವಾಗಿರುವ ಪ್ರತಿ ಗ್ರಾಂ ಗ್ಲೈಕೋಜೆನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅದು ವ್ಯಯವಾದಂತೆ ನೀರೂ ಹೊರಹೋಗುತ್ತದೆ. ಅನಂತರ ಇಳಿಕೆ ನಿಧಾನವಾಗುವುದು ಸಹಜ. ಅದಕ್ಕಾಗಿ ಧೃತಿಗೆಡಬಾರದು, ಉಪವಾಸವನ್ನೂ ಮಾಡಬಾರದು.

ತೂಕವೊಂದೇ ಎಲ್ಲವನ್ನೂ ತಿಳಿಸುವುದಿಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಹಾಗೂ ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಶರೀರಗಳನ್ನೇ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲಿಯೂ 22.3, ಆದರೆ ಕೊಬ್ಬಿನ ಅಂಶ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ಆದುದರಿಂದ ತೂಕದೊಡನೆ ಸೊಂಟದ ಸುತ್ತಳತೆಯನ್ನೂ ಬರೆದಿಡುವುದು ಉಚಿತ.

ಗಮನಿಸಬೇಕಾದ ಅಂಶಗಳು:

1. ಬೆಳಿಗ್ಗೆ ಶೌಚದ ನಂತರ, ಉಪಾಹಾರಕ್ಕೆ ಮೊದಲು, ಒಂದೇ ಯಂತ್ರದಲ್ಲಿ ತೂಕ ನೋಡಿಕೊಳ್ಳಿರಿ.

2. ಒಂದು ದಿನದ ಏರಿಳಿತಕ್ಕಿಂತ ವಾರದ ಒಟ್ಟು ಗತಿಯನ್ನು ಪರಿಗಣಿಸಿರಿ.

3. ಆಹಾರ ತಗ್ಗಿದಾಗ ಮಧುಮೇಹಿಗಳ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಇನ್ಸುಲಿನ್ ಅಥವಾ ಮಾತ್ರೆಗಳ ಪ್ರಮಾಣವನ್ನು ಪಥ್ಯ ಆರಂಭಿಸುವ ಮೊದಲೇ ವೈದ್ಯರಿಂದ ನಿಗದಿಪಡಿಸಿಕೊಳ್ಳಿರಿ.

4. ದಾಖಲೆಯನ್ನು ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಿರಿ.