ಕಾಯಿಗೂ ಕೊಬ್ಬರಿಗೂ ಎಷ್ಟು ದೂರ?

ತುರುವೇಕೆರೆ ಕಡೆಯ ನೆಂಟರ ಮನೆಯ ಅಟ್ಟ ಹತ್ತಿದಾಗ ನನಗೆ ಹತ್ತು ವರ್ಷ. ಮಬ್ಬುಗತ್ತಲೆ, ಕೆಳಗಿನ ಒಲೆಯ ಹೊಗೆ ವಾಸನೆ, ಕಾಲಿಟ್ಟಲ್ಲೆಲ್ಲ ಕಾಯಿ. ‘ಎಷ್ಟೊಂದು ಕೊಬ್ಬರಿ!’ ಎಂದು ಕೂಗಿದೆ. ಆ ಮನೆಯ ಅಜ್ಜಿ ಒಂದು ಕಾಯಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. ‘ಇದಿನ್ನೂ ಕಾಯಿ ಕಣ್ ಮಗ’ ಎಂದರು. ಮೂಲೆಯ ಹಳೇ ರಾಶಿಯಿಂದ ಇನ್ನೊಂದನ್ನು ತೆಗೆದು ಅಲ್ಲಾಡಿಸಿದರು. ನೀರಿನ ಸದ್ದೇ ಇಲ್ಲ. ಡಬ್ಬಿಯೊಳಗೆ ಚೆಂಡು ಉರುಳಿದ ಹಾಗೆ ಲೊಟಲೊಟ. ‘ಇದು ನೋಡು ಕೊಬ್ಬರಿ.’

ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಮಟ್ಟೆ, ಅದೇ ಆಕಾರ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ಮಕ್ಕಳೂ ತಿದ್ದುತ್ತಾರೆ. ಬೇರೆ ಊರಿನವರಿಗೆ ಕಾಯಿ, ಕೊಬ್ಬರಿ, ಎಳನೀರು, ತೆಂಗಿನ ಹಾಲು ಎಲ್ಲ ಒಂದೇ ಮರದ ಒಂದೇ ಸಾಮಾನು. ಈ ಹೆಸರುಗಳ ನಡುವಿನ ಅಂತರವನ್ನು ಅಳೆಯಲು ಕೂತರೆ ಮಾತ್ರ ತಲೆ ತಿರುಗುತ್ತದೆ.

ಮೊದಲು ಕಾಲದ ಲೆಕ್ಕ. ಹೊಂಬಾಳೆ ಒಡೆದು ಕಾಯಿ ಪೂರ್ತಿ ಬಲಿಯಲು 12 ತಿಂಗಳು. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಲು ಇನ್ನೂ ಸುಮಾರು 10 ತಿಂಗಳು. ಒಟ್ಟು 22. ಮನುಷ್ಯರ ಬಸಿರು ಒಂಬತ್ತು ತಿಂಗಳಿನದು, ಎಮ್ಮೆಯದು ಹತ್ತು. ನೆಲದ ಮೇಲಿನ ಪ್ರಾಣಿಗಳಲ್ಲಿ ಅತಿ ದೀರ್ಘ ಬಸಿರು ಆನೆಯದು, ಅದೂ 22 ತಿಂಗಳು! ಅಂಗೈಯಲ್ಲಿ ಹಿಡಿಯುವ ಒಂದು ಕೊಬ್ಬರಿ ಗಿಟುಕಿಗೆ ಒಂದು ಆನೆಮರಿಯಷ್ಟು ಕಾಲ ಬೇಕು. ಎಳನೀರು ಏಳನೇ ತಿಂಗಳಿಗೇ ಮರ ಇಳಿದು ಮದ್ದೂರಿನ ಮಾರುಕಟ್ಟೆ ಸೇರಿ ಬೆಂಗಳೂರಿನ ಬೀದಿಬದಿಯಲ್ಲಿ ಖಾಲಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಕೊಬ್ಬರಿಯಾಗಬೇಕಾದ ಅದರ ಜೊತೆಯ ಕಾಯಿ ಮೂರನೇ ಒಂದು ದಾರಿಯನ್ನೂ ಸವೆಸಿರುವುದಿಲ್ಲ.

ಇಲ್ಲಿಗೇ ಮುಗಿಯಲಿಲ್ಲ. ಹೊಂಬಾಳೆ ಹೊರಗೆ ಕಾಣುವುದಕ್ಕೆ ಸುಮಾರು 32 ತಿಂಗಳ ಮುಂಚೆಯೇ ಅದರ ಮೊಳಕೆ ಮರದ ಸುಳಿಯೊಳಗೆ ಹುಟ್ಟಿರುತ್ತದೆ. 32ಕ್ಕೆ 12 ಸೇರಿಸಿ, ಅಟ್ಟದ 10 ಸೇರಿಸಿ: 54 ತಿಂಗಳು, ಅಂದರೆ ನಾಲ್ಕೂವರೆ ವರ್ಷ. ಎಂಜಿನಿಯರಿಂಗ್ ಓದಿ ಪದವಿ ತೆಗೆದುಕೊಳ್ಳಲು 48 ತಿಂಗಳು ಸಾಕು. 2026ರ ಸಂಕ್ರಾಂತಿಗೆ ಎಳ್ಳು–ಬೆಲ್ಲದ ಜೊತೆ ಸಣ್ಣಗೆ ಹೆಚ್ಚಿ ಬೆರೆಸಿದ ಕೊಬ್ಬರಿ ಚೂರಿನ ಹುಟ್ಟು 2021ರ ಜುಲೈನದು. ಟೋಕಿಯೊದಲ್ಲಿ ನೀರಜ್ ಚೋಪ್ರಾ ಚಿನ್ನದ ಪದಕಕ್ಕೆ ಈಟಿ ಎಸೆಯುವ ಮೊದಲೇ ನಿಮ್ಮ ಬಾಯಿಗೆ ಬಿದ್ದ ಆ ಚೂರು ಸುಳಿಯೊಳಗೆ ಬೀಡುಬಿಟ್ಟಿತ್ತು. ಈ ವರ್ಷ ಮಳೆ ಕೈಕೊಟ್ಟರೆ ಅದರ ಪೆಟ್ಟು ಮುಂದಿನ ಎರಡು ಮೂರು ವರ್ಷದ ಫಸಲಿನಲ್ಲೂ ಕಾಣುವುದು ಇದಕ್ಕೇ. ಮರದ ತಲೆಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ತಿಂಗಳಿಗೊಂದರಂತೆ ಹನ್ನೆರಡು ಗೊನೆ. ಕಾಣದೆ ಸುಳಿಯೊಳಗೆ ಸರದಿ ಕಾಯುತ್ತಿರುವುದು ಸುಮಾರು ಮೂವತ್ತು!

ಇಷ್ಟೆಲ್ಲ ಕಾದ ಕಾಯಿ ಅರವತ್ತು ಅಡಿ ಮರದಿಂದ ನೆಲಕ್ಕೆ ಬರಲು ತೆಗೆದುಕೊಳ್ಳುವುದು ಎರಡು ಸೆಕೆಂಡಿಗೂ ಕಡಿಮೆ. ಬೀಳುವಾಗಿನ ವೇಗ ಗಂಟೆಗೆ 65 ಕಿಲೋಮೀಟರ್ ಮೀರುತ್ತದೆ. ಹೆದ್ದಾರಿಯಲ್ಲಿ ಬಸ್ಸು ಓಡುವಷ್ಟು! ಕಾಯಿ ಕೆಡವುವವರು ‘ದೂರ ನಿಂತ್ಕಳಿ’ ಎಂದು ಮೇಲಿಂದ ಕೂಗಿದರೆ ಒಂದು ಕ್ಷಣವೂ ತಡಮಾಡಬೇಡಿ.

ಈಗ ಹೊಟ್ಟೆಗೆ ಹೋಗುವ ಲೆಕ್ಕ. ಎಳನೀರು, ಬಲಿತ ಕಾಯಿಯ ನೀರು, ಕಾಯಿಹಾಲು ಇವನ್ನು ಕಲಸಿಬಿಡುವವರು ಬಹಳ. ಎಳನೀರು ಮರವೇ ತುಂಬಿಕೊಟ್ಟ ನೀರು. ಹಾಲು ನಾವು ಕಾಯಿ ತುರಿದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದದ್ದು. ನೂರು ಗ್ರಾಂ ಎಳನೀರಿನಲ್ಲಿ ಸುಮಾರು 19 ಕ್ಯಾಲೊರಿ. ಅಷ್ಟೇ ತೂಕದ ಗಟ್ಟಿ ಕಾಯಿಹಾಲಿನಲ್ಲಿ 230. ಹಸಿ ಕಾಯಿಯಲ್ಲಿ 354. ಒಣ ಕೊಬ್ಬರಿಯಲ್ಲಿ 660! ನೂರು ಗ್ರಾಂ ಕೊಬ್ಬರಿ ಬಾಯಿಗೆ ಹಾಕಿಕೊಂಡವನ ಸಮಕ್ಕೆ ಬರಬೇಕಾದರೆ ಎಳನೀರು ಕುಡಿಯುವವನು ಸುಮಾರು ಮೂರೂವರೆ ಲೀಟರ್ ಮುಗಿಸಬೇಕು. ಬುರುಡೆಗೆ 300 ಮಿಲಿಲೀಟರ್ ಎಂದರೂ ಹನ್ನೊಂದು ಬುರುಡೆ ಖಾಲಿಯಾಗಿ ಹನ್ನೆರಡನೆಯದಕ್ಕೆ ಮಚ್ಚು ಬೀಳಬೇಕು. ಹಾಲಿನಲ್ಲಿರುವ ಕೊಬ್ಬಿನಂಶವಂತೂ ಎಳನೀರಿನದಕ್ಕಿಂತ ನೂರು ಪಟ್ಟಿಗೂ ಮೇಲೆ. ಜ್ವರ ಬಂದವರಿಗೆ ‘ತೆಂಗಿನದು ಏನಾದರೂ ಕೊಡಿ’ ಎಂದು ಹೇಳುವ ಮುಂಚೆ ಯಾವುದು ಎಂಬುದನ್ನೂ ಹೇಳಬೇಕು.

ತೆಂಗಿನಮರ ಎನ್ನುತ್ತೇವಲ್ಲ, ಆ ಹೆಸರೂ ಪೂರ್ತಿ ಸರಿಯಲ್ಲ. ಕೊಂಬೆಯಿಲ್ಲ, ಕೊಯ್ದರೆ ವರ್ಷಕ್ಕೊಂದರಂತೆ ಎಣಿಸಲು ಬಳೆಯಿಲ್ಲ, ತಾಯಿಬೇರೂ ಇಲ್ಲ. ಸಸ್ಯಕುಲದಲ್ಲಿ ಮಾವು, ಹಲಸಿಗಿಂತ ರಾಗಿ, ಭತ್ತ, ಹುಲ್ಲುಗಳಿಗೇ ಇದು ಹತ್ತಿರದ ಸಂಬಂಧಿ. ತಾಯಿಬೇರಿಲ್ಲದ ಕೊರತೆಯನ್ನು ಅದು ತುಂಬಿಕೊಳ್ಳುವ ರೀತಿ ನೋಡಿ: ನಡುವಯಸ್ಸಿನ ಒಂದು ಗಟ್ಟಿ ಮರದ ಬುಡದಲ್ಲಿ 4,000ದಿಂದ 7,000 ಬೇರು! ಮೂವತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ 48 ಮರ. ಮರಕ್ಕೆ 5,000 ಬೇರೆಂದರೂ ಒಂದೇ ಎಕರೆಯ ಕೆಳಗೆ 2,40,000 ಬೇರು ಮಣ್ಣನ್ನು ಹಿಡಿದು ಕೂತಿರುತ್ತವೆ.

ಅಂಥ ಮರ ಹತ್ತುವವರ ಲೆಕ್ಕ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ದಿನಕ್ಕೆ 50 ಮರ, ಒಂದೊಂದೂ ಅರವತ್ತು ಅಡಿ. ಸಂಜೆಯ ಹೊತ್ತಿಗೆ ಅವರು ಬರಿಗಾಲಲ್ಲಿ ಮೇಲೇರಿದ್ದು 3,000 ಅಡಿ, ಅಂದರೆ 914 ಮೀಟರ್. ಜೋಗದ ಜಲಪಾತದ ಎತ್ತರ 253 ಮೀಟರ್. ಅದನ್ನು ಮೂರೂವರೆ ಸಲ ಹತ್ತಿದಂತಾಯಿತು. ದುಬೈನ ಬುರ್ಜ್ ಖಲೀಫಾ 828 ಮೀಟರ್. ಅದರ ತುದಿ ಮುಟ್ಟಿ ಇನ್ನೂ ಮೇಲೆ ಹೋದಂತಾಯಿತು. ಹತ್ತು ದಿನಕ್ಕೆ 9,140 ಮೀಟರ್. ಎವರೆಸ್ಟ್ 8,849! ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು, ಆಮ್ಲಜನಕದ ಸಿಲಿಂಡರ್ ಇಲ್ಲದೆ, ನಡುವೆ ಐನೂರು ಸಲ ಕೆಳಗಿಳಿದು. ಅವರನ್ನು ಬರೇ ಕೂಲಿಯವರು ಎಂದು ಕರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಮರ ವರ್ಷಕ್ಕೆ 75 ಕಾಯಿ ಬಿಡುತ್ತದೆ ಎನ್ನಿ, ಅರವತ್ತು ವರ್ಷ ಫಲ ಕೊಡುತ್ತದೆ ಎನ್ನಿ. ಒಟ್ಟು 4,500 ಕಾಯಿ. ಮಟ್ಟೆ ಸಮೇತ ಕಾಯಿಗೆ ಒಂದು ಕೆ.ಜಿ. ಹಿಡಿದರೆ ನಾಲ್ಕೂವರೆ ಟನ್. ದಸರೆಯ ಚಿನ್ನದ ಅಂಬಾರಿ 750 ಕೆ.ಜಿ.; ಅದನ್ನೂ ನಾಲ್ಕು ಟನ್ನಿನ ಒಂದು ಆನೆಯನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರೆ ಹೆಚ್ಚುಕಡಿಮೆ ಇಷ್ಟೇ ತೂಗುತ್ತದೆ. ಹಿತ್ತಲಿನ ಒಂಟಿ ತೆಂಗು ತನ್ನ ಜೀವಮಾನದಲ್ಲಿ ಒಂದು ಜಂಬೂಸವಾರಿಯನ್ನು ಹೆತ್ತುಕೊಡುತ್ತದೆ.

ಇಷ್ಟು ದೊಡ್ಡದನ್ನು ಕಂಗೆಡಿಸಿದ ಶತ್ರು ಎಷ್ಟು ಸಣ್ಣದು! 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹಬ್ಬಿದ ನುಸಿಯನ್ನು ಎಲ್ಲರೂ ‘ನುಸಿ ರೋಗ’ ಎನ್ನುತ್ತಾರೆ. ಅದು ರೋಗವಲ್ಲ, ಕೀಟವೂ ಅಲ್ಲ. ಉಣ್ಣೆಯ ದೂರದ ನೆಂಟ. ಉದ್ದ ಸುಮಾರು 0.2 ಮಿಲಿಮೀಟರ್. ಒಂದು ಕಾಯಿಯ ಉದ್ದಕ್ಕೆ ಸಾಲು ನಿಲ್ಲಿಸಬೇಕಾದರೆ 1,000 ನುಸಿ ಬೇಕು.

ಇನ್ನು ದುಡ್ಡಿನ ಲೆಕ್ಕಕ್ಕೆ ಬರೋಣ. ಇಲ್ಲಿ ಪದ ತಪ್ಪಿದರೆ ಕೋಟಿಗಳೇ ತಪ್ಪುತ್ತವೆ. ಕೊಬ್ಬರಿಯಲ್ಲೂ ಎರಡು ಜಾತಿ. ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೋ ಗೂಡಿಗೋ ಹಾಕಿ ಒಣಗಿಸಿ ಗಾಣಕ್ಕೆ ಕಳಿಸುವುದು ಎಣ್ಣೆ ಕೊಬ್ಬರಿ. ಇದು ವಾರದ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು ಇಡಿಯಾಗಿ ಹೊರಬರುವುದು ಉಂಡೆ ಕೊಬ್ಬರಿ. ತಿಪಟೂರಿನ ಹೆಸರು ದೇಶದ ಉದ್ದಗಲಕ್ಕೆ ಹೋಗಿದ್ದು ಇದರಿಂದ. ಮಟ್ಟೆ ಸುಲಿದು, ಚಿಪ್ಪಿಗೆ ಮಚ್ಚಿನ ಬೆನ್ನಿನಿಂದ ನಾಲ್ಕು ಕಡೆ ಹದವಾಗಿ ತಟ್ಟಿ ಬಿಡಿಸುವ ಕೈಚಳಕ ನೋಡಬೇಕು. ಒಂದು ಪೆಟ್ಟು ಜೋರಾದರೆ ಉಂಡೆ ಒಡೆದು ಬೆಲೆ ಇಳಿಯುತ್ತದೆ. 2024ರ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ ಎಣ್ಣೆ ಕೊಬ್ಬರಿಗೆ 11,160 ರೂಪಾಯಿ, ಉಂಡೆಗೆ 12,000. ವ್ಯತ್ಯಾಸ 840. ಅಷ್ಟೇ ತಾನೆ ಎನ್ನಬೇಡಿ. ಆ ಹಂಗಾಮಿನಲ್ಲಿ ಕರ್ನಾಟಕದಿಂದ ಖರೀದಿಸಲು ಮೊದಲು ಒಪ್ಪಿಗೆ ಸಿಕ್ಕಿದ್ದು 62,500 ಟನ್ ಉಂಡೆಗೆ. ಆ ರಾಶಿಯ ಮೇಲೆ ‘ಉಂಡೆ’ ಎಂಬ ಒಂದೇ ಪದದ ಬೆಲೆ 52 ಕೋಟಿ 50 ಲಕ್ಷ ರೂಪಾಯಿ!

ಬೆಂಬಲ ಬೆಲೆಯನ್ನು ಮಾರುಕಟ್ಟೆ ಬೆಲೆ ಎಂದುಕೊಳ್ಳುವುದು ಇನ್ನೊಂದು ದೊಡ್ಡ ಗೊಂದಲ. ಬೆಂಬಲ ಬೆಲೆ ನೆಲ, ಮಾರುಕಟ್ಟೆ ಬೆಲೆ ಗಾಳಿಪಟ. 2025ರಲ್ಲಿ ಉಂಡೆಯ ಬೆಂಬಲ ಬೆಲೆ 12,100 ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ 20,000 ದಾಟಿ ಹೋಯಿತು.

ಆ 62,500 ಟನ್ ಎಂದರೆ ಎಷ್ಟು? ಉಂಡೆಗೆ 125 ಗ್ರಾಂ ಹಿಡಿದರೆ 50 ಕೋಟಿ ಉಂಡೆ. ಹತ್ತು ಟನ್ನಿನ ಲಾರಿಗಳಿಗೆ ತುಂಬಿದರೆ 6,250 ಲಾರಿ. ಒಂದಕ್ಕೊಂದು ತಾಗಿಸಿ ತಿಪಟೂರಿನಿಂದ ಸಾಲು ನಿಲ್ಲಿಸಿದರೆ ಅದು ನಿಟ್ಟೂರು ದಾಟಿ, ಗುಬ್ಬಿ ದಾಟಿ, ತುಮಕೂರಿನ ಕಡೆಗೆ ಸಾಗಿರುತ್ತದೆ. ಆನೆಗಳಾಗಿ ಎಣಿಸಿದರೆ, ತಲಾ ನಾಲ್ಕು ಟನ್ನಿನಂತೆ, 15,625 ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲೆಲ್ಲ ಸೇರಿ ಇದ್ದದ್ದು 6,395! ಆ 50 ಕೋಟಿ ಕಾಯಿಗಳೊಳಗಿದ್ದ ನೀರು, ಕಾಯಿಗೆ ನೂರು ಮಿಲಿಲೀಟರ್ ಎಂದರೂ, ಐದು ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ 5,000 ಟ್ಯಾಂಕರುಗಳ ನೀರು, ಚಿಪ್ಪಿಗೆ ಒಂದು ತೂತೂ ಬೀಳದೆ, ಅಟ್ಟಗಳ ಕತ್ತಲಲ್ಲಿ ಸದ್ದಿಲ್ಲದೆ ಮಾಯವಾಯಿತು.

ಹೆಸರು ಕಲಸಿಕೊಳ್ಳುವುದರಲ್ಲಿ ನಾವು ಒಬ್ಬರೇ ಅಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ಇಂಗ್ಲಿಷ್ ನಿಘಂಟಿನಲ್ಲಿ ತೆಂಗಿನ ‘ಕೊಕೊ’ವೂ ಚಾಕೊಲೇಟಿನ ‘ಕೋಕೋ’ವೂ ಒಂದೇ ನಮೂದಿನಲ್ಲಿ ಸೇರಿಹೋದವು. ಜಗತ್ತು ವರ್ಷಕ್ಕೆ ಬೆಳೆಯುವ ಕೋಕೋ ಬೀಜ ಸುಮಾರು 50 ಲಕ್ಷ ಟನ್, ತೆಂಗು 6 ಕೋಟಿ ಟನ್ನಿಗೂ ಹೆಚ್ಚು; ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿಸಿದ್ದು ಆ ನಿಘಂಟಿನ ಸಾಹಸ! ತಾಳೆ ಎಣ್ಣೆ, ತೆಂಗಿನೆಣ್ಣೆಯ ಗೊಂದಲದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ: ತಾಳೆಯದು ಇಪ್ಪತ್ತು ಪಟ್ಟು ಹೆಚ್ಚು. ಕಡಲ ತೆಂಗು ಎಂಬುದಂತೂ ತೆಂಗೇ ಅಲ್ಲ. ಅದು ಸೆಶೆಲ್ಸ್ ದ್ವೀಪಗಳ ಬೇರೊಂದು ಮರ. ಅದರ ಒಂದೇ ಬೀಜ 25 ಕೆ.ಜಿ. ವರೆಗೆ ತೂಗುತ್ತದೆ. ನಮ್ಮ ಕೊಬ್ಬರಿ ಗಿಟುಕುಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕುತ್ತ ಹೋದರೆ ಇನ್ನೂರು ಬೇಕು.

ಈಗ ಇಡೀ ರಾಜ್ಯದ ರಾಶಿ. 2022–23ರಲ್ಲಿ ಕರ್ನಾಟಕ ಬೆಳೆದದ್ದು ಸುಮಾರು 595 ಕೋಟಿ ಕಾಯಿ. ಆ ವರ್ಷ ಕೇರಳವನ್ನೂ ಹಿಂದೆ ಹಾಕಿದ ಲೆಕ್ಕ ಇದು. ಹಗಲು ರಾತ್ರಿ ಬಿಡುವಿಲ್ಲದೆ ಸೆಕೆಂಡಿಗೆ 188 ಕಾಯಿ. ನೀವು ‘ತೆಂಗಿನಕಾಯಿ’ ಎಂದು ಬಾಯಿಬಿಟ್ಟು ಹೇಳಿ ಮುಗಿಸುವಷ್ಟರಲ್ಲಿ ಇನ್ನೂರರ ಹತ್ತಿರ! ತೂಕದಲ್ಲಿ ಸುಮಾರು 15 ಲಕ್ಷ ಆನೆ. ಏಷ್ಯಾದ ಕಾಡಾನೆಗಳನ್ನೆಲ್ಲ ಒಟ್ಟು ಮಾಡಿದರೂ 50 ಸಾವಿರದ ಆಸುಪಾಸು. ಅದರ ಮೂವತ್ತು ಪಟ್ಟು.

ಕಾಯಿಗೆ 20 ಸೆಂಟಿಮೀಟರ್ ಹಿಡಿದು ಆ 595 ಕೋಟಿಯನ್ನು ಸಾಲಾಗಿ ಜೋಡಿಸಿ. 11 ಲಕ್ಷ 90 ಸಾವಿರ ಕಿಲೋಮೀಟರ್. ಭೂಮಿಯ ನಡುವಿಗೆ 29 ಸುತ್ತು ಸುತ್ತಿ ಮೂವತ್ತನೆಯದರಲ್ಲೂ ಅರ್ಧ ದಾಟಿರುತ್ತದೆ. ಮೇಲಕ್ಕೆ ಎತ್ತಿ ನಿಲ್ಲಿಸಿದರೆ ಚಂದ್ರನಿಗೆ ಹೋಗಿ, ವಾಪಸು ಬಂದು, ಮತ್ತೆ ಚಂದ್ರನಿಗೆ ಹೋಗುತ್ತದೆ.

ಅವೇ 595 ಕೋಟಿಯನ್ನು ಅಟ್ಟಕ್ಕೆ ಹಾಕಿ, ಕಾದು, ಮಟ್ಟೆ ಸುಲಿದು, ಚಿಪ್ಪು ತಟ್ಟಿ, ಉಂಡೆ ಮಾಡಿ. ಉಂಡೆಯ ಅಡ್ಡಳತೆ ಸುಮಾರು 7 ಸೆಂಟಿಮೀಟರ್. ಈಗ ಸಾಲಿನ ಉದ್ದ 4 ಲಕ್ಷ 16 ಸಾವಿರ ಕಿಲೋಮೀಟರ್. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಒಂದೇ ಸಲ ಹೋಗಿ ಮುಟ್ಟುತ್ತದೆ. ವಾಪಸು ಬರಲು ಕೊಬ್ಬರಿ ಸಾಲದು. ಅಜ್ಜಿ ನನ್ನ ಕಿವಿಯ ಹತ್ತಿರ ಹಿಡಿದ ಎರಡು ಸದ್ದುಗಳ ನಡುವೆ, ಕುಲುಕಿದ ನೀರಿಗೂ ಲೊಟಲೊಟ ಎಂದ ಉಂಡೆಗೂ ನಡುವೆ, ಎರಡು ಚಂದ್ರನಷ್ಟು ದೂರವಿತ್ತು.